ಗುಡ್ಡೆ, ಬೈಲು, ರೇಂಜ್: ತೋಟದ ಮಾತಿಗೆ ವಾಕಿಟಾಕಿಯೋ ಫೋನೋ?

ವಾಕಿಟಾಕಿ ಬೇಕು ಎಂದು ನನ್ನ ಹತ್ತಿರ ಬರುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಕಿಲೋಮೀಟರ್ ಸಿಗುತ್ತದೆ?" ನಾನು ತಿರುಗಿ ಕೇಳುತ್ತೇನೆ: "ಮನೆಗೂ ತೋಟಕ್ಕೂ ನಡುವೆ ಏನಿದೆ?" ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಅಡೂರು ಕಡೆಯ ಜಾಗಗಳು ಹೆಚ್ಚುಕಡಿಮೆ ಒಂದೇ ರೀತಿ ಇರುತ್ತವೆ. ಮನೆ ಗುಡ್ಡೆಯ ಬದಿಯಲ್ಲಿ. ಅಡಿಕೆ ತೋಟ ಕೆಳಗೆ ಬೈಲಿನಲ್ಲಿ, ಅಂದರೆ ಗುಡ್ಡೆಗಳ ನಡುವಿನ ತಗ್ಗಿನಲ್ಲಿ. ಗೇರು, ರಬ್ಬರ್ ಇನ್ನೊಂದು ಗುಡ್ಡೆಯ ಆಚೆ. ನಡುವೆ ಇರುವುದು ಮುರಕಲ್ಲಿನ (ಜಂಬಿಟ್ಟಿಗೆಯ) ದಿಬ್ಬ. ರೇಡಿಯೋ ಅಲೆಗೆ ದೂರ ದೊಡ್ಡ ತೊಂದರೆಯಲ್ಲ. ಆ ದಿಬ್ಬವೇ ತೊಂದರೆ.

ಪೆಟ್ಟಿಗೆಯ ಮೇಲೆ 10 ಕಿಲೋಮೀಟರ್, 30 ಕಿಲೋಮೀಟರ್ ಎಂದು ಬರೆದಿರುತ್ತಾರಲ್ಲ, ಅದು ಇಬ್ಬರೂ ಎತ್ತರದಲ್ಲಿ ನಿಂತು ನಡುವೆ ಏನೂ ಅಡ್ಡ ಇಲ್ಲದಿದ್ದಾಗಿನ ಲೆಕ್ಕ. ಸಮತಟ್ಟಾದ ಬಯಲಲ್ಲಿ ಇಬ್ಬರು ಕೈಯಲ್ಲಿ ಸೆಟ್ ಹಿಡಿದು ನಿಂತರೆ ಭೂಮಿಯ ಉಬ್ಬೇ ಸುಮಾರು 10 ಕಿಲೋಮೀಟರ್‌ಗೆ ಅಡ್ಡ ಬರುತ್ತದೆ. ನಮ್ಮಲ್ಲಿ ಅದಕ್ಕೂ ಎಷ್ಟೋ ಮೊದಲೇ ಗುಡ್ಡೆ ಬರುತ್ತದೆ, ಅಲ್ವಾ? ಒಂದೇ ಬೈಲಿನ ಒಳಗೆ ಚೆನ್ನಾಗಿ ಕೇಳುವ ಸೆಟ್ ಪಕ್ಕದ ಬೈಲಿಗೆ ಇಳಿದ ಕೂಡಲೇ ಸತ್ತಂತಾಗುವುದು ಇದಕ್ಕೇ.

ವ್ಯಾಟ್ ಜಾಸ್ತಿ ಮಾಡಿದರೆ ಸರಿಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ಅರ್ಧ ವ್ಯಾಟಿನ ಸೆಟ್ ಬಿಟ್ಟು 5 ವ್ಯಾಟಿನದ್ದು ತಂದರೆ ಶಕ್ತಿ ಹತ್ತು ಪಟ್ಟು ಆಗುತ್ತದೆ. ಆದರೆ ನೆಲದ ಹತ್ತಿರ ಮಾತಾಡುವಾಗ ದೂರ ಎರಡು ಪಟ್ಟೂ ಹೆಚ್ಚುವುದಿಲ್ಲ. ಅದರ ಬದಲು ಮಾತಾಡುವವರು ಹತ್ತು ಹೆಜ್ಜೆ ಮೇಲೆ ಹತ್ತಿ ನಿಂತರೆ ಎಷ್ಟೋ ಸಲ ಅದಕ್ಕಿಂತ ಜಾಸ್ತಿ ಲಾಭ ಸಿಗುತ್ತದೆ. ಎತ್ತರಕ್ಕೆ ಹಣ ಕೊಡಬೇಕಾಗಿಲ್ಲ.

ಈಗ ಕಾನೂನಿನ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ನಮ್ಮ ದೇಶದಲ್ಲಿ 446.0ರಿಂದ 446.2 ಮೆಗಾಹರ್ಟ್ಜ್ ಪಟ್ಟಿಯ ಸಣ್ಣ ವಾಕಿಟಾಕಿಗಳಿಗೆ 2018ರ ನಿಯಮದ ಪ್ರಕಾರ ಲೈಸೆನ್ಸ್ ಬೇಡ. ಇವು ಅರ್ಧ ವ್ಯಾಟಿನ ಸೆಟ್‌ಗಳು. ಆಂಟೆನಾ ಸೆಟ್‌ಗೇ ಸೇರಿಕೊಂಡಿರುತ್ತದೆ, ಬಿಚ್ಚಿ ದೊಡ್ಡದು ಹಾಕುವಂತಿಲ್ಲ. ಲೈಸೆನ್ಸ್ ಬೇಡವೆಂದರೂ ಆ ಮಾದರಿಗೆ ದೂರಸಂಪರ್ಕ ಇಲಾಖೆಯಲ್ಲಿ ರೇಡಿಯೋ ಅಲೆಗಳನ್ನು ನೋಡಿಕೊಳ್ಳುವ ಡಬ್ಲ್ಯೂಪಿಸಿ ವಿಭಾಗದ ಇಟಿಎ, ಅಂದರೆ ಉಪಕರಣದ ಮಾದರಿಗೆ ಕೊಡುವ ಒಪ್ಪಿಗೆ, ಇರಲೇಬೇಕು. ಅಂಗಡಿಯವರ ಹತ್ತಿರ ಅದರ ನಂಬರ್ ಕೇಳಿ. ಬಿಲ್ಲಿನ ಜೊತೆ ಜೋಪಾನವಾಗಿ ಇಡಿ.

ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ 5 ವ್ಯಾಟಿನ ಸೆಟ್‌ಗಳ ಕಥೆ ಬೇರೆ. ಅವು 136ರಿಂದ 174 ಮೆಗಾಹರ್ಟ್ಜ್‌ವರೆಗೂ 400ರ ಮೇಲಿನ ಒಂದು ಪಟ್ಟಿಯಲ್ಲೂ ಯಾವ ಫ್ರೀಕ್ವೆನ್ಸಿಗೆ ಬೇಕಾದರೂ ಕೂರುತ್ತವೆ. ಲೈಸೆನ್ಸ್ ಇಲ್ಲದೆ ಅವನ್ನು ಇಟ್ಟುಕೊಳ್ಳುವುದೂ ತಪ್ಪು, ಬಳಸುವುದೂ ತಪ್ಪು. ಇಂಥ ಮಾರಾಟ ತಡೆಯಲೆಂದೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ಆನ್‌ಲೈನ್ ಮಳಿಗೆಗಳಿಗೆ ಮಾರ್ಗಸೂಚಿ ಹೊರಡಿಸಿತು. ಕೆಲವರು ಕೇಳುತ್ತಾರೆ, ತೋಟದ ಮೂಲೆಯಲ್ಲಿ ಮಾತಾಡಿದರೆ ಯಾರಿಗೆ ತೊಂದರೆ ಎಂದು. ಸಮುದ್ರದಲ್ಲಿ ದೋಣಿಗಳು ಅಪಾಯದ ಕರೆ ಕೊಡುವ 16ನೇ ಚಾನೆಲ್ ಇರುವುದು 156.8 ಮೆಗಾಹರ್ಟ್ಜ್‌ನಲ್ಲಿ. ಅದು ಈ ಸೆಟ್‌ಗಳ ವ್ಯಾಪ್ತಿಯ ಒಳಗೇ ಬರುತ್ತದೆ. ಕಡಲು ಕಾಣುವ ಗುಡ್ಡೆಯ ತಲೆಯಲ್ಲಿ ನಿಂತು ಯಾರೋ ಗೊತ್ತಿಲ್ಲದೆ ಆ ಫ್ರೀಕ್ವೆನ್ಸಿ ಒತ್ತಿ ಹಿಡಿದರೆ, ಮೀನು ಹಿಡಿಯಲು ಹೋದವನ ಕೂಗು ಕೇಳದೇ ಹೋಗಬಹುದು. ನನಗೆ ಇದು ದಂಡದ ಭಯಕ್ಕಿಂತ ದೊಡ್ಡ ಕಾರಣ.

ಹವ್ಯಾಸಕ್ಕೆ ರೇಡಿಯೋ ಬಳಸುವವರ ಹ್ಯಾಮ್ ಲೈಸೆನ್ಸ್ ಇದ್ದವರೂ ಅದನ್ನು ತೋಟದ ವ್ಯವಹಾರಕ್ಕೆ ಬಳಸುವಂತಿಲ್ಲ. ಜನಸಾಮಾನ್ಯರ ಮಾತಿಗೆಂದು ಬಿಟ್ಟ 27 ಮೆಗಾಹರ್ಟ್ಜ್‌ನ ಸಿಟಿಜನ್ ಬ್ಯಾಂಡಿಗೆ 5 ವ್ಯಾಟಿನವರೆಗೆ ಲೈಸೆನ್ಸ್ ಬೇಡ. ಆದರೆ ಅದಕ್ಕೆ ಸರಿಯಾದ ಆಂಟೆನಾ ಎಂದರೆ ಎರಡೂಮುಕ್ಕಾಲು ಮೀಟರ್ ಉದ್ದದ್ದು. ಅಡಿಕೆ ಸಾಲಿನ ನಡುವೆ ಅದನ್ನು ಹಿಡಿದು ತಿರುಗುವುದು ಆಗದ ಮಾತು.

ಹಾಗಾದರೆ 446ರ ಸಣ್ಣ ಸೆಟ್ ಎಲ್ಲಿ ಕೆಲಸಕ್ಕೆ ಬರುತ್ತದೆ? ಅಡಿಕೆಗೆ ಮದ್ದು ಬಿಡುವ (ಸಿಂಪಡಿಸುವ) ದಿನ. ಇದಕ್ಕಿಂತ ಒಳ್ಳೆಯ ಉಪಯೋಗ ನಾನು ಕಂಡಿಲ್ಲ. ಪಂಪ್ ಮತ್ತು ಡ್ರಮ್ಮು ತೋಟದ ಒಂದು ಬದಿಯಲ್ಲಿ. ಮದ್ದು ಹೊಡೆಯುವವರು ಉದ್ದದ ಪೈಪು ಎಳೆದುಕೊಂಡು ಇನ್ನೊಂದು ಬದಿಯಲ್ಲಿ, ಕೆಲವೊಮ್ಮೆ ಮರದ ಮೇಲೆ. ಪೈಪು ಒಡೆಯಿತು, ನಳಿಕೆ ಕಟ್ಟಿತು, ಕಾಲು ಜಾರಿತು ಎಂದಾಗ ಕೂಗಿದರೆ ಇಂಜಿನ್ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ. ಫೋನಾದರೆ ಒದ್ದೆ ಕೈಯಲ್ಲಿ ಲಾಕ್ ತೆಗೆದು, ನಂಬರ್ ಹುಡುಕಿ, ರಿಂಗ್ ಆಗುವುದನ್ನು ಕಾಯಬೇಕು. ಅದೂ ರೇಂಜ್ ಇದ್ದರೆ. ವಾಕಿಟಾಕಿಯಲ್ಲಿ ಒಂದು ಗುಂಡಿ ಒತ್ತಿ "ಬಂದ್ ಮಾಡು" ಎಂದರೆ ಸಾಕು, ಎಲ್ಲರಿಗೂ ಒಟ್ಟಿಗೆ ಕೇಳುತ್ತದೆ.

ಇಲ್ಲಿ ಎರಡು ಮಾತು ನೆನಪಿಡಿ. ಪಂಪಿನ ಬಳಿ ಇರುವವನಿಗೆ ಕಿವಿಯಲ್ಲಿ ಇಯರ್‌ಪೀಸ್ ಬೇಕೇ ಬೇಕು. ಸೆಟ್‌ನ ಸ್ಪೀಕರ್ ಎಷ್ಟು ಜೋರಿದ್ದರೂ ಇಂಜಿನ್ ಪಕ್ಕ ಸಾಲದು. ಮತ್ತೆ, ಮಾತಾಡಿದ ಕೂಡಲೇ ತಾನೇ ಆನ್ ಆಗುವ ವಾಕ್ಸ್ ಸೌಲಭ್ಯವನ್ನು ಆ ದಿನ ಆಫ್ ಮಾಡಿ. ಇಂಜಿನ್ ಸದ್ದಿಗೇ ಅದು ಆನ್ ಆಗಿ ಚಾನೆಲ್ ಪೂರ್ತಿ ಹಿಡಿದಿಟ್ಟುಕೊಳ್ಳುತ್ತದೆ. ಮರ ಹತ್ತಿದವನಿಗೆ ಕಾಲರಿಗೆ ಸಿಕ್ಕಿಸುವ ಸ್ಪೀಕರ್ ಮೈಕ್ ಕೊಡಿ.

ಉದ್ದದ ಕಾರ್ಬನ್ ಫೈಬರ್ ದೋಟಿಯಲ್ಲಿ ಕೊಯ್ಲು ಮಾಡುವವರಿಗೂ ಇದೇ ಮಾತು. ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಹರಿಯುತ್ತದೆ. ತೋಟದ ಮೇಲೆ ಲೈನ್ ಹೋಗಿದ್ದರೆ ಕೆಳಗೆ ನಿಂತು ನೋಡುವವನೊಬ್ಬ ಇರಬೇಕು, ಅವನ ಕೈಯಲ್ಲಿ ಸೆಟ್ ಇರಬೇಕು. ಅವನಾಡಬೇಕಾದ ಪದವನ್ನು ಬೆಳಿಗ್ಗೆಯೇ ಗೊತ್ತುಮಾಡಿ. ನಮ್ಮ ತೋಟಗಳಲ್ಲಿ ತುಳು, ಮಲಯಾಳ, ಕನ್ನಡ ಮೂರೂ ನಡೆಯುತ್ತವೆ, ಈಗ ಹಿಂದಿ, ಬಂಗಾಳಿ ಆಡುವವರೂ ಇದ್ದಾರೆ. ನಿಲ್ಲಿಸುವುದಕ್ಕೆ ಎಲ್ಲರಿಗೂ ಒಂದೇ ಪದ ಇರಲಿ. ಗುಂಡಿ ಒತ್ತಿ ಒಂದು ಕ್ಷಣ ಬಿಟ್ಟು ಮಾತಾಡಲು ಹೇಳಿಕೊಡಿ. ಇಲ್ಲದಿದ್ದರೆ ಆ ಮೊದಲ ಪದವೇ ತುಂಡಾಗುತ್ತದೆ.

ಕೊಳ್ಳುವ ಮೊದಲು ಯಾರಿಂದಲಾದರೂ ಒಂದು ಜೊತೆ ಸೆಟ್ ಕೇಳಿ ತಂದು ಜಾಗ ಸುತ್ತಿ ನೋಡಿ. ಒಬ್ಬರು ಅಂಗಳದಲ್ಲಿ ನಿಲ್ಲಲಿ, ಇನ್ನೊಬ್ಬರು ಒಂದರಿಂದ ಹತ್ತು ಎಣಿಸುತ್ತಾ ನಡೆಯಲಿ. ಪಂಪ್ ಶೆಡ್, ಕೆರೆ, ತೋಡಿನ ಕಟ್ಟ, ಗುಡ್ಡೆಯ ಗೇಟು, ಎಲ್ಲಿ ಮಾತು ಮುರಿಯಿತು ಎಂದು ಒಂದು ಹಾಳೆಯಲ್ಲಿ ಗುರುತು ಹಾಕಿ. ಇದನ್ನು ಮಳೆ ಬಂದು ನಿಂತ ಮೇಲೆ ಮಾಡುವುದು ಒಳ್ಳೆಯದು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಒದ್ದೆ ಎಲೆ ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕೇಳಿದ್ದು ಮಳೆಗಾಲದಲ್ಲಿ ಕೇಳುತ್ತದೆ ಎಂಬ ಭರವಸೆ ಇಲ್ಲ. ಸೆಟ್ ಸೊಂಟದಲ್ಲಿದ್ದರೆ ಮೈಯೇ ಅಡ್ಡ ಬರುತ್ತದೆ. ಮುಖದ ಎದುರು ನೆಟ್ಟಗೆ ಹಿಡಿಯಿರಿ.

ನೀರಿಗಾಗಿ ಗುಡ್ಡೆಯ ಒಳಕ್ಕೆ ಕೊರೆಯುವ ಸುರಂಗದ ಕೆಲಸಕ್ಕೆ ಮಾತ್ರ ವಾಕಿಟಾಕಿಯನ್ನು ನಂಬಬೇಡಿ. ಒಂದು ತಿರುವು ದಾಟಿದರೆ ಒದ್ದೆ ಮುರಕಲ್ಲು ಅಲೆಯನ್ನು ನುಂಗುತ್ತದೆ. ಒಳಗೆ ಗಾಳಿ ಕಡಿಮೆಯಾಗಿ ತಲೆ ತಿರುಗಿದವನು ಗುಂಡಿ ಒತ್ತುವುದೂ ಇಲ್ಲ. ಸುರಂಗದ ಬಾಯಲ್ಲಿ ಒಬ್ಬ ಮನುಷ್ಯ, ನಡುವೆ ಒಂದು ಹಗ್ಗ, ಇದೇ ಸರಿ.

ಗುಡ್ಡೆಯ ಆಚೆಗೂ ಊರಿನ ಹೊರಗೂ ಫೋನೇ ಬೇಕು. ಮನೆಯೊಳಗೆ ರೇಂಜ್ ಇಲ್ಲ ಎಂದು ಸಿಗ್ನಲ್ ಬೂಸ್ಟರ್ ಹಾಕಿಸಬೇಡಿ. ಅನುಮತಿ ಇಲ್ಲದ ಇಂಥ ಬೂಸ್ಟರ್ (ರಿಪೀಟರ್) ಕಾನೂನಿಗೆ ವಿರುದ್ಧ, ಜೊತೆಗೆ ಅಕ್ಕಪಕ್ಕದ ಮನೆಗಳ ಸಿಗ್ನಲ್ ಕೂಡ ಕೆಡುತ್ತದೆ. ಮನೆಗೆ ಫೈಬರ್ ಬಂದಿದ್ದರೆ ಫೋನಿನ ಸೆಟ್ಟಿಂಗಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಟವರ್ ಇಲ್ಲದಿದ್ದರೂ ಅದೇ ನಂಬರಿನಲ್ಲಿ ಮಾತು ಸಾಗುತ್ತದೆ. ಎಷ್ಟೋ ಮನೆಗಳಲ್ಲಿ ಇದು ಫೋನಿನಲ್ಲೇ ಇದ್ದೂ ಸುಮ್ನೆ ಆಫ್ ಆಗಿ ಕೂತಿರುತ್ತದೆ! ಕರೆಂಟು ಹೋದರೆ ರೂಟರ್ ಕೂಡ ಹೋಗುತ್ತದೆ, ಆದ್ದರಿಂದ ರೂಟರಿಗೂ ಫೈಬರ್ ಪೆಟ್ಟಿಗೆಗೂ ಸಣ್ಣ ಬ್ಯಾಟರಿ ಯುಪಿಎಸ್ ಇಡಿ.

ವೈಫೈಯನ್ನು ಪಂಪ್ ಶೆಡ್‌ವರೆಗೆ ಒಯ್ಯಬೇಕಾದರೆ ತಾಮ್ರದ ತಂತಿ ಎಳೆಯಬೇಡಿ ಎಂದೇ ನನ್ನ ಸಲಹೆ. ಏಪ್ರಿಲ್-ಮೇ ತಿಂಗಳಲ್ಲೂ ಅಕ್ಟೋಬರ್-ನವೆಂಬರಲ್ಲೂ ಇಲ್ಲಿ ಸಿಡಿಲು ಜೋರು. ತೋಟದ ಉದ್ದಕ್ಕೂ ಮಲಗಿದ ತಂತಿ ಸಿಡಿಲಿನ ಹೊಡೆತವನ್ನು ನೇರ ಮನೆಯೊಳಗೆ ತರುತ್ತದೆ. ಫೈಬರ್ ಎಳೆಯಿರಿ, ಅದರಲ್ಲೂ ಒಳಗೆ ಉಕ್ಕಿನ ಎಳೆ ಇಲ್ಲದ್ದನ್ನು ಕೇಳಿ ತನ್ನಿ. ಮೊಬೈಲಿನಿಂದ ಓಡಿಸುವ ಪಂಪ್ ಸ್ಟಾರ್ಟರ್ ಇದ್ದರೆ ಅದು 2ಜಿಯದ್ದೋ 4ಜಿಯದ್ದೋ ನೋಡಿ ಸಿಮ್ ಹಾಕಿ. ಜಿಯೋದಲ್ಲಿ 2ಜಿ ಇಲ್ಲ.

ಸೆಟ್ ಕೊಳ್ಳುವಾಗ ನೀರು ತಡೆಯುವ ಗುರುತು ನೋಡಿ. ಐಪಿ67 ಎಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಾಳಬೇಕು. ಐಪಿ54 ಎಂದರೆ ಎರಚಲಿಗೆ ಸಾಕು, ತೋಡಿಗೆ ಬಿದ್ದರೆ ಇಲ್ಲ. ಮದ್ದಿನಲ್ಲಿರುವ ಮೈಲುತುತ್ತಿನ ನೀರು ಚಾರ್ಜ್ ಆಗುವ ಲೋಹದ ಬಿಂದುಗಳನ್ನು ತಿನ್ನುತ್ತದೆ. ಮದ್ದಿನ ದಿನ ಸೆಟ್ಟನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಮಾತಿಗೆ ಅಡ್ಡಿಯಿಲ್ಲ. ಸಂಜೆ ಒಣ ಬಟ್ಟೆಯಲ್ಲಿ ಒರೆಸಿಯೇ ಚಾರ್ಜಿಗಿಡಿ. ಒಂದು ಸೆಟ್ ಯಾವಾಗಲೂ ಅಡಿಗೆ ಮನೆಯ ಬಳಿ ಆನ್ ಆಗಿರಲಿ. ತೋಟದಲ್ಲಿ ಏನಾದರೂ ಆದರೆ ಮೊದಲು ಕೇಳಬೇಕಾದವರು ಮನೆಯಲ್ಲಿರುವವರು.

ಮನೆಯಲ್ಲಿರುವವರು ಅಲ್ಲಿಂದ ಮುಂದೆ 112ಕ್ಕೆ ಫೋನ್ ಮಾಡಬೇಕು. ವಾಕಿಟಾಕಿಯಿಂದ ಅದು ಆಗುವುದಿಲ್ಲ. ಹಾವು ಕಚ್ಚಿದಾಗ, ಮರದಿಂದ ಬಿದ್ದಾಗ ಗಾಬರಿಯಲ್ಲಿ ದಾರಿ ಹೇಳಲು ಯಾರಿಗೂ ಬರುವುದಿಲ್ಲ. ಒಂದು ಚೀಟಿ ಬರೆದು ಆ ಸೆಟ್ಟಿನ ಪಕ್ಕದ ಗೋಡೆಗೆ ಅಂಟಿಸಿ: ಪಂಚಾಯತು, ವಾರ್ಡ್, ಮನೆ ನಂಬರ್, ಫೋನಿನ ಮ್ಯಾಪ್ ತೋರಿಸುವ ಅಕ್ಷಾಂಶ ರೇಖಾಂಶ, ಹತ್ತಿರದ ಬಸ್ ನಿಲ್ದಾಣ. ತೋಟದ ಒಳಗೆ ಆಂಬುಲೆನ್ಸ್ ಎಲ್ಲಿಯವರೆಗೆ ಇಳಿಯುತ್ತದೆ, ಮಳೆಗಾಲದಲ್ಲಿ ಎಲ್ಲಿಯವರೆಗೆ, ಎಂಬುದನ್ನೂ ಅದರಲ್ಲಿ ಬರೆಯಿರಿ. ಕನ್ನಡದಲ್ಲೂ ಮಲಯಾಳದಲ್ಲೂ ಬರೆಯಿರಿ, ಫೋನ್ ಎತ್ತುವವರಿಗೆ ನಮ್ಮ ಊರಿನ ಹೆಸರು ಒಂದೇ ಸಲಕ್ಕೆ ತಿಳಿಯುವ ಹಾಗೆ ಓದಿ ಹೇಳಲು ಬರುತ್ತದೆ.