ಅರ್ಧ ಕೆಲ್ವಿನ್ ತಗ್ಗು, ನಾಲ್ಕು ಮೀಟರ್ ಮಣ್ಣು

ಕನ್ನಡಿ ದೊಡ್ಡದಾದಷ್ಟೂ ದೂರದ್ದು ಕಾಣುತ್ತದೆ ಎಂಬುದು ಒಂದು ಹಂತದವರೆಗೆ ಮಾತ್ರ ನಿಜ. ಜೇಮ್ಸ್ ವೆಬ್ ದೂರದರ್ಶಕ ಕಂಡ ಅತಿ ದೂರದ ಗೆಲಾಕ್ಸಿಗಳು ಮಹಾಸ್ಫೋಟವಾಗಿ ಸುಮಾರು 30 ಕೋಟಿ ವರ್ಷಗಳಿಗೆ ಹೊಳೆಯುತ್ತಿದ್ದಂಥವು. ಮಹಾಸ್ಫೋಟದ ನಂತರದ ಮೊದಲ 3.8 ಲಕ್ಷ ವರ್ಷಗಳಂತೂ ಬೆಳಕಿಗೆ ಮುಚ್ಚಿದ ಬಾಗಿಲು: ಆಗ ಬಿಡಿ ಎಲೆಕ್ಟ್ರಾನುಗಳು ಬೆಳಕನ್ನು ನೇರ ಹೋಗಗೊಡುತ್ತಿರಲಿಲ್ಲ. ಇವೆರಡರ ನಡುವಿನ ಕಾಲದಲ್ಲಿ ಎಲ್ಲೆಲ್ಲೂ ತಣ್ಣನೆಯ ಜಲಜನಕ.

ಅದನ್ನು ಹಿಡಿಯಲು ರೇಡಿಯೋ ಬೇಕು. ಮೊದಲ ನಕ್ಷತ್ರಗಳ ಅತಿನೇರಳೆ ಕಿರಣ ತಾಗಿದ ಜಲಜನಕ, ಮಹಾಸ್ಫೋಟದಿಂದ ಉಳಿದ ಹಿನ್ನೆಲೆ ವಿಕಿರಣದಿಂದ 1420 ಮೆಗಾಹರ್ಟ್ಸ್ ಅಲೆಯನ್ನು ಹೀರತೊಡಗುತ್ತದೆ. ವಿಶ್ವದ ಜೊತೆ ಅಲೆಯೂ ಸುಮಾರು 18 ಪಟ್ಟು ಹಿಗ್ಗಿದರೆ ನಮಗೆ ತಲುಪುವಾಗ 78 ಮೆಗಾಹರ್ಟ್ಸ್, ಎಫ್‌ಎಂ ಪಟ್ಟಿಯ ತುಸು ಕೆಳಗೆ. ಹೀರಿದ ಕಡೆ ಆಕಾಶದ ರೇಡಿಯೋ ಹೊಳಪು ತುಸು ತಗ್ಗಬೇಕು; ಆ ಹೊಳಪನ್ನು ತಾಪಮಾನದ ಏಕಮಾನವಾದ ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ರೇಡಿಯೋ ಆಂಟೆನಾ ನೆಟ್ಟಿದ್ದ 'ಎಡ್ಜಸ್' ತಂಡ 2018ರಲ್ಲಿ ಆ 78 ಮೆಗಾಹರ್ಟ್ಸ್ ಬಳಿಯೇ ಇಂಥ ಒಂದು ತಗ್ಗು ಕಂಡಿತು: ಆಳ ಅರ್ಧ ಕೆಲ್ವಿನ್, ಅಗಲ 19 ಮೆಗಾಹರ್ಟ್ಸ್. ಸಿದ್ಧಾಂತ ಒಪ್ಪುವ ಆಳ ಇದರ ಅರ್ಧಕ್ಕಿಂತಲೂ ಕಡಿಮೆ.

ತೊಡಕು ಇರುವುದು ಇಲ್ಲಿ. ಆ ಆವರ್ತದಲ್ಲಿ ನಮ್ಮ ಕ್ಷೀರಪಥದ ಹೊಳಪೇ ಒಂದೂವರೆ–ಎರಡು ಸಾವಿರ ಕೆಲ್ವಿನ್. ಅದರಲ್ಲಿ ಅರ್ಧ ಕೆಲ್ವಿನ್ ಹುಡುಕಬೇಕು. ಗೊರಗೊರ ಸದ್ದು ದೊಡ್ಡ ಸಮಸ್ಯೆಯಲ್ಲ. 1 ಮೆಗಾಹರ್ಟ್ಸ್ ಅಗಲದಲ್ಲಿ ಮೂರು ಗಂಟೆ ಸರಾಸರಿ ತೆಗೆದರೆ ಅದು 0.02 ಕೆಲ್ವಿನ್‌ಗೆ ಇಳಿಯುತ್ತದೆ. ಇಳಿಯದೆ ಉಳಿಯುವುದು ಉಪಕರಣದ್ದೇ ಅಲೆಯಾಟ. ಹತ್ತು ಮೀಟರ್ ಕೇಬಲ್ಲಿನ ಎರಡು ತುದಿಗಳಲ್ಲಿ ಸಂಕೇತ ಸ್ವಲ್ಪ ಪ್ರತಿಫಲಿಸಿದರೂ ಸಾಕು, ಸುಮಾರು ಪ್ರತಿ 10 ಮೆಗಾಹರ್ಟ್ಸ್‌ಗೊಂದು ಏರಿಳಿತ ಮೂಡುತ್ತದೆ, ಅದು ತಗ್ಗಿನಂತೆಯೇ ಕಾಣಬಹುದು. ನೆಲವೂ ಹಾಗೆಯೇ. ಒಣ ಮಣ್ಣಿನ ಡೈಎಲೆಕ್ಟ್ರಿಕ್ ಸ್ಥಿರಾಂಕ (ಅಲೆಯ ವೇಗವನ್ನು ವಸ್ತು ಎಷ್ಟು ತಗ್ಗಿಸುತ್ತದೆಂದು ತಿಳಿಸುವ ಸಂಖ್ಯೆ) 4 ಎಂದಿಟ್ಟುಕೊಳ್ಳಿ. ಅದರಲ್ಲಿ ಅಲೆಯ ವೇಗ ಅರ್ಧಕ್ಕಿಳಿಯುತ್ತದೆ. ನಾಲ್ಕು ಮೀಟರ್ ಕೆಳಗೆ ಬಂಡೆಯ ಪದರವಿದ್ದರೆ ಹೋಗಿ ಬರುವ ದಾರಿ ಎಂಟು ಮೀಟರ್, ಏರಿಳಿತದ ಅಂತರ ಸುಮಾರು 19 ಮೆಗಾಹರ್ಟ್ಸ್. ಎಡ್ಜಸ್ ತಗ್ಗಿನ ಅಗಲವೂ ಅಷ್ಟೇ! ಅವರ ತಗ್ಗಿಗೆ ಬಂಡೆಯೇ ಕಾರಣ ಎಂದು ಈ ಲೆಕ್ಕ ಸಾಧಿಸುವುದಿಲ್ಲ. ಮಣ್ಣನ್ನು ನಂಬಿ ಕೂರಬಾರದು ಎಂದಷ್ಟೇ ಹೇಳುತ್ತದೆ.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಮಣ್ಣನ್ನೇ ಬಿಟ್ಟರು. 2020ರ ಆರಂಭದಲ್ಲಿ 'ಸರಸ್-3' ಎಂಬ ಶಂಕುವಿನಾಕಾರದ ಆಂಟೆನಾವನ್ನು ತೆಪ್ಪದ ಮೇಲಿಟ್ಟು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಸಿದರು. ನೀರಿನ ಸ್ಥಿರಾಂಕ 80ರ ಆಸುಪಾಸು, ಮೇಲಿಂದ ಕೆಳಗಿನವರೆಗೆ ಒಂದೇ ಸಮ. ನಡುವೆ ಬಂಡೆಯಿಲ್ಲ, ತೇವದ ಪದರವಿಲ್ಲ. ಜೊತೆಗೆ ಎಫ್‌ಎಂ ಗೋಪುರಗಳಿಂದ ದೂರ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಜಾಣ ನಡೆ ಇದು, ಅದರ ಖರ್ಚೂ ಒಂದು ತೆಪ್ಪದ್ದು.

ಫಲಿತಾಂಶ 2022ರ ಫೆಬ್ರವರಿಯಲ್ಲಿ 'ನೇಚರ್ ಆಸ್ಟ್ರಾನಮಿ'ಯಲ್ಲಿ ಬಂತು: ಎಡ್ಜಸ್ ಕಂಡ ಆಕಾರದ ತಗ್ಗು ತಮ್ಮ ದತ್ತಾಂಶದಲ್ಲಿಲ್ಲ, ಶೇ. 95.3ರಷ್ಟು ಭರವಸೆಯೊಂದಿಗೆ. ಮೊದಲ ನಕ್ಷತ್ರಗಳ ಸಂಕೇತವೇ ಇಲ್ಲ ಎಂದು ಇದರರ್ಥವಲ್ಲ. ಇನ್ನೂ ಕಡಿಮೆ ಆಳದ ತಗ್ಗಿಗೆ ಜಾಗ ಉಳಿದೇ ಇದೆ. ಅದನ್ನು ನೋಡಲು ಉಪಕರಣದ ಅಲೆಯಾಟ ಇನ್ನೂ ತಗ್ಗಬೇಕು.

ಇದೇ ಸಂಸ್ಥೆಯ 'ಪ್ರತುಷ್' ಯೋಜನೆಯ ಕಣ್ಣು ಚಂದ್ರನ ಆಚೆ ಬದಿಯ ಮೇಲಿದೆ: ಆಂಟೆನಾ ನೆಲಕ್ಕಿಳಿಯದೆ ಚಂದ್ರನನ್ನು ಸುತ್ತುವ ನೌಕೆಯಲ್ಲಿರುತ್ತದೆ. ಅಲ್ಲಿ ಎಫ್‌ಎಂ ಇಲ್ಲ, ಮಣ್ಣಿನ ಪದರಗಳ ಕಾಟವಿಲ್ಲ. ಆದರೆ ಆಂಟೆನಾದ ಪಕ್ಕದಲ್ಲೇ ಲೋಹದ ನೌಕೆಯಿರುತ್ತದೆ, ಅದೂ ಅಲೆಗಳನ್ನು ಪ್ರತಿಫಲಿಸುತ್ತದೆ.