ಬಳಸದೇ ಉಳಿದ ಸೀರಮ್ ದಂಡವಲ್ಲ

ಹಾವು ಕಡಿದವರನ್ನು ಆಸ್ಪತ್ರೆಗೆ ಕರೆತಂದಾಗ ಎಲ್ಲರೂ ಡಾಕ್ಟರ ಮುಖ ನೋಡುತ್ತಾರೆ. ಆದರೆ ಆ ಹೊತ್ತಿಗೆ ಹಾವಿನ ವಿಷಕ್ಕೆ ಮದ್ದಾದ ಸೀರಮ್ ಕೈಗೆ ಸಿಗುತ್ತದೋ ಇಲ್ಲವೋ ಅನ್ನೋದು ಎಷ್ಟೋ ವಾರಗಳ ಹಿಂದೆ, ಔಷಧ ಸ್ಟೋರಿನಲ್ಲೇ ತೀರ್ಮಾನ ಆಗಿರುತ್ತದೆ.

ಔಷಧ ತರಿಸುವ ಲೆಕ್ಕ ಮೇಲ್ನೋಟಕ್ಕೆ ಸುಲಭ. ದಿನಕ್ಕೆ 500 ಪ್ಯಾರಸಿಟಮಾಲ್ ಮಾತ್ರೆ ಖರ್ಚಾಗುತ್ತದೆ, ಹೊಸ ಸ್ಟಾಕ್ ಬರಲು 20 ದಿನ ಬೇಕು ಅಂತಿಟ್ಟುಕೊಳ್ಳಿ. ಹಾಗಿದ್ದರೆ 10,000 ಮಾತ್ರೆ ಉಳಿದಿರುವಾಗಲೇ ಇಂಡೆಂಟ್, ಅಂದರೆ ಬೇಡಿಕೆ ಪಟ್ಟಿ, ಹೋಗಬೇಕು. ಲಾರಿ ತಡವಾದರೆ, ಊರಿಗೆ ಊರೇ ಜ್ವರ ಹಿಡಿದು ಮಲಗಿದರೆ ಅಂತ ಒಂದಿಷ್ಟು ಮೀಸಲು ಬೇರೆ. ನಮ್ಮ ಸರ್ಕಾರಿ ಆಸ್ಪತ್ರೆಗಳಿಗೆ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಕೊಂಡ ಔಷಧ ಜಿಲ್ಲಾ ಉಗ್ರಾಣಗಳ ಮೂಲಕ ಬರುತ್ತದೆ.

ಹಾವಿನ ಸೀರಮ್‌ಗೆ ಈ ಲೆಕ್ಕ ನಡೆಯೋದಿಲ್ಲ. ಮೂರು ತಿಂಗಳು ಒಂದು ವಯಲ್ (ಔಷಧದ ಪುಟ್ಟ ಸೀಸೆ) ಕೂಡ ಖರ್ಚಾಗದೇ ಇರಬಹುದು. ಮಳೆ ಹಿಡಿದು ಗದ್ದೆ ಕೆಲಸ ಜೋರಾದಾಗ ಒಂದೇ ರಾತ್ರಿ ಇಬ್ಬರು ಬರಬಹುದು. ವಿಷ ಏರಿದವರಿಗೆ ಮೊದಲ ಡೋಸ್‌ಗೇ ಸಾಮಾನ್ಯವಾಗಿ 8ರಿಂದ 10 ವಯಲ್ ಬೇಕು. ಮಗುವಿಗೂ ಅಷ್ಟೇ. ಮಗು ಚಿಕ್ಕದು ಅಂತ ಹಾವು ಕಡಿಮೆ ವಿಷ ಬಿಡೋದಿಲ್ಲ ಅಲ್ವಾ? ಇಂಥ ಕಡೆ ಕಳೆದ ವರ್ಷದ ಸರಾಸರಿ ನೋಡಿ ‘ತಿಂಗಳಿಗೆ ಎರಡು ವಯಲ್ ಸಾಕು’ ಅಂದರೆ ಜೀವಕ್ಕೇ ಕುತ್ತು. ಅದಕ್ಕೇ ಒಳ್ಳೆಯ ಸ್ಟೋರಿನಲ್ಲಿ ಬೆಲೆ, ಖರ್ಚಿನ ಜೊತೆ ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಇದು ಇಲ್ಲದಿದ್ದರೆ ರೋಗಿ ಸಾಯುತ್ತಾರಾ? ಹೌದು ಅನ್ನುವಂಥ ಔಷಧ ಯಾವತ್ತೂ ಸೊನ್ನೆಗೆ ಇಳಿಯಬಾರದು. ತೀವ್ರ ಅಲರ್ಜಿಯಾದಾಗ ಜೀವ ಉಳಿಸುವ ಅಡ್ರಿನಲಿನ್ ಇಂಜೆಕ್ಷನ್ನಿನ ಆಂಪ್ಯೂಲ್‌ಗೂ ಇದೇ ನಿಯಮ. ಅದರ ಬೆಲೆ ಕಡಿಮೆ, ಆದರೆ ಬೇಕಾದಾಗ ಕ್ಷಣಾರ್ಧದಲ್ಲಿ ಬೇಕು.

ಬಂದ ಔಷಧವನ್ನು ಸುಮ್ನೆ ಕಪಾಟಿಗೆ ತುಂಬಿದರೆ ಆಗದು. ಬ್ಯಾಚ್ ನಂಬರ್, ಎಕ್ಸ್‌ಪೈರಿ ಬರೆದುಕೊಳ್ಳಬೇಕು. ಯಾವುದರ ಅವಧಿ ಮೊದಲು ಮುಗಿಯುತ್ತದೋ ಅದು ಮುಂದಿನ ಸಾಲಿಗೆ, ಅದು ನಿನ್ನೆ ತಾನೇ ಬಂದಿದ್ದರೂ ಸರಿ. ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರೀಜರ್ ಪಕ್ಕ ಸಿಕ್ಕಿ ಹೆಪ್ಪುಗಟ್ಟಿದರೆ ಕೆಟ್ಟಂತೆಯೇ.

ಇನ್ನು ಪೊಟ್ಯಾಸಿಯಂ ಕ್ಲೋರೈಡ್, ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಾದವರಿಗೆ ಕೊಡುವ ಔಷಧ. ಆಂಪ್ಯೂಲ್‌ನಲ್ಲಿ ನೋಡಿದರೆ ತಿಳಿನೀರು. ಇಂಜೆಕ್ಷನ್‌ಗೆ ಬೆರೆಸುವ ನೀರಿನ ಆಂಪ್ಯೂಲ್ ಪಕ್ಕ ಇಟ್ಟರೆ ಗುರುತು ಸಿಗೋದೇ ಕಷ್ಟ. ಗ್ಲೂಕೋಸ್ ಅಥವಾ ಸಲೈನ್ ಬಾಟಲಿಗೆ ಬೆರೆಸಿ ನಿಧಾನಕ್ಕೆ ಕೊಟ್ಟರೆ ಮದ್ದು, ಹಾಗೇ ರಕ್ತನಾಳಕ್ಕೆ ಒತ್ತಿದರೆ ಹೃದಯ ನಿಲ್ಲುತ್ತದೆ. ರಾತ್ರಿ ಪಾಳಿಯಲ್ಲಿ ದಣಿದ ನರ್ಸ್‌ಗೆ ‘ಹುಷಾರಾಗಿರಿ’ ಅಂತ ಹೇಳಿದರೆ ಸಾಲದು. ಅದನ್ನು ವಾರ್ಡಿನ ಸಾಮಾನ್ಯ ಕಪಾಟಿನಿಂದಲೇ ತೆಗೆದು, ಬೇಕಾದಾಗ ಫಾರ್ಮಸಿಯಿಂದ ಕೊಡುವುದೇ ಸರಿಯಾದ ದಾರಿ.

ಸೀರಮ್ ಉಳಿದುಹೋದರೆ? ಎಕ್ಸ್‌ಪೈರಿಗೆ ಕೆಲವು ತಿಂಗಳು ಇರುವಾಗಲೇ ಹಾವು ಕಡಿತದ ಕೇಸು ಜಾಸ್ತಿ ಬರುವ ದೊಡ್ಡ ಆಸ್ಪತ್ರೆಗೆ ಅದನ್ನು ಕಳಿಸಿ, ಬದಲಿಗೆ ಹೊಸ ಬ್ಯಾಚ್ ತರಿಸಿಕೊಳ್ಳಬಹುದು. ಅಷ್ಟಾದ ಮೇಲೂ ನಾಲ್ಕು ವಯಲ್ ಅವಧಿ ಮುಗಿದರೆ, ಆಡಿಟ್‌ನವರು ಅದನ್ನು ನಷ್ಟ ಅಂತ ಬರೆಯಬಾರದು.