ತೇಜಸ್ ಹೊಸದು, ಎಫ್-22 ಹಳೇದು; ಮತ್ತೆ ತಲೆಮಾರಿನ ಲೆಕ್ಕ ಉಲ್ಟಾ ಯಾಕೆ?

ಪ್ರಶ್ನೆ: "ಸಾರ್, ತೇಜಸ್ ಈಗ ತಯಾರಾಗುತ್ತಿರುವ ವಿಮಾನ. ಆದರೂ ಅದನ್ನು ನಾಲ್ಕೂವರೆ ತಲೆಮಾರು ಅಂತಾರೆ. ಅಮೆರಿಕದ ಎಫ್-22 ಅದಕ್ಕಿಂತ ಹಳೇದು, ಆದರೆ ಅದು ಐದನೇ ತಲೆಮಾರಂತೆ. ಹಾಗಾದ್ರೆ ನಮ್ಮದು ಹುಟ್ಟುವಾಗಲೇ ಹಳೇದಾ? ಐದರ ಮುಂದೆ ನಾಲ್ಕೂವರೆ ನಿಲ್ಲುತ್ತಾ?"

ಈ ಪ್ರಶ್ನೆ ಎಷ್ಟು ಸಲ ಬಂದಿದೆ ಅಂತ ಲೆಕ್ಕ ಇಡೋದನ್ನೇ ಬಿಟ್ಟಿದ್ದೇನೆ. ರಫೇಲ್ ಸುದ್ದಿ ಬಂದಾಗ ಒಂದಿಷ್ಟು ಜನ ಕೇಳುತ್ತಾರೆ, ಏರೋ ಇಂಡಿಯಾ ಮುಗಿದ ಮೇಲೆ ಇನ್ನೊಂದಿಷ್ಟು. 2025ರಲ್ಲಿ ಯಲಹಂಕಕ್ಕೆ ಎಫ್-35, ಸುಖೋಯ್-57 ಎರಡೂ ಒಟ್ಟಿಗೆ ಬಂದವಲ್ಲ, ಆಮೇಲಂತೂ ಕೇಳಲೇಬೇಡಿ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಮೊದಲು ವರ್ಷದ ವಿಷಯ. ಎಫ್-22 ಮೊದಲು ಹಾರಿದ್ದು 1997ರ ಸೆಪ್ಟೆಂಬರ್‌ನಲ್ಲಿ. ತೇಜಸ್ ಹಾರಿದ್ದು 2001ರ ಜನವರಿ 4ರಂದು, ನಮ್ಮ ಬೆಂಗಳೂರಲ್ಲೇ. ಹಾಗಾಗಿ ತೇಜಸ್ಸೇ ಚಿಕ್ಕದು, ನೀವು ಹೇಳಿದ್ದು ಸರಿ. ಆದರೆ ತಲೆಮಾರನ್ನು ವರ್ಷ ನೋಡಿ ಎಣಿಸಲ್ಲ. ವಿಮಾನದ ವಿನ್ಯಾಸ ಮಾಡುವಾಗ ಅದರಿಂದ ಏನು ಕೇಳಿದ್ದರು ಅಂತ ನೋಡಿ ಎಣಿಸುತ್ತಾರೆ. 1980ರ ದಶಕದಲ್ಲಿ ತೇಜಸ್ ಯೋಜನೆ ಶುರುವಾದಾಗ ನಮ್ಮ ವಾಯುಪಡೆಗೆ ಬೇಕಿದ್ದದ್ದು ಮಿಗ್-21ರ ಜಾಗಕ್ಕೆ ಒಂದು ಹಗುರವಾದ, ಕಡಿಮೆ ಖರ್ಚಿನ ವಿಮಾನ. ರೇಡಾರ್ ಕಣ್ಣು ತಪ್ಪಿಸಿ ಹೋಗಬೇಕು ಅಂತ ಯಾರೂ ಕೇಳಿರಲಿಲ್ಲ. ಎಫ್-22ರಿಂದ ಕೇಳಿದ್ದೇ ಅದನ್ನು.

ಇನ್ನು ಈ ನಂಬರ್ ಕೊಡೋರು ಯಾರು? ಜಗತ್ತಿಗೆಲ್ಲ ಒಪ್ಪಿಗೆಯಾಗುವಂತೆ ಸರ್ಟಿಫಿಕೇಟ್ ಕೊಡುವ ಕಚೇರಿ ಎಲ್ಲೂ ಇಲ್ಲ. ಈ ಲೆಕ್ಕ ಜಾಸ್ತಿ ಬಳಕೆಗೆ ಬಂದಿದ್ದೇ 1990ರ ದಶಕದಲ್ಲಿ. ಇತಿಹಾಸ ಬರೆಯೋರು ಬಳಸಿದರು, ರಷ್ಯಾದವರು ಬಳಸಿದರು. ಆಮೇಲೆ ಎಫ್-22 ತಯಾರಿಸಿದ ಅಮೆರಿಕದ ಕಂಪನಿ ಲಾಕ್‌ಹೀಡ್ ಮಾರ್ಟಿನ್ 'ಐದನೇ ತಲೆಮಾರು' ಅನ್ನೋದನ್ನ ಮಾರಾಟದ ಮಾತಾಗಿ ಎಲ್ಲ ಕಡೆ ಹಬ್ಬಿಸಿತು. 'ನಾಲ್ಕೂವರೆ' ಅಂದ್ರೇನು ಅಂತ ಅಮೆರಿಕದ ಸಂಸತ್ತು 2009ರಲ್ಲಿ ಒಂದು ರಕ್ಷಣಾ ಕಾಯಿದೆಯಲ್ಲಿ ಬರೆದಿದೆ, ಆದರೆ ಅದು ಅವರ ಖರೀದಿ ಲೆಕ್ಕಕ್ಕೆ ಮಾತ್ರ. ಚೀನಾದಲ್ಲಿ ಬಹಳ ಕಾಲ ಎಣಿಕೆಯೇ ಬೇರೆ ಇತ್ತು: ನಾವೆಲ್ಲ ಐದನೇ ತಲೆಮಾರು ಅನ್ನುವ ಜೆ-20 ಅವರ ಲೆಕ್ಕದಲ್ಲಿ ನಾಲ್ಕನೆಯದು. ವಿಮಾನ ಅದೇ, ನಂಬರ್ ಬೇರೆ. ಇನ್ನೊಂದು ತಮಾಷೆ ನೋಡಿ. ಆಫ್ಟರ್‌ಬರ್ನರ್ (ಎಂಜಿನ್ನಿನ ಹಿಂಭಾಗದಲ್ಲಿ ಇನ್ನಷ್ಟು ಇಂಧನ ಸುಟ್ಟು ಬಲ ಹೆಚ್ಚಿಸೋ ವ್ಯವಸ್ಥೆ) ಹಚ್ಚದೆ ಶಬ್ದಕ್ಕಿಂತ ವೇಗವಾಗಿ ಹಾರುತ್ತಲೇ ಇರೋದು ಐದನೇ ತಲೆಮಾರಿನ ಲಕ್ಷಣ ಅಂತ ಎಫ್-22 ಕಾಲದಲ್ಲಿ ಹೇಳುತ್ತಿದ್ದರು. ಎಫ್-35ನ್ನು ಆ ಕೆಲಸಕ್ಕೆ ಅಂತ ಮಾಡಿಲ್ಲ. ಆದರೂ ಅದು ಐದನೇ ತಲೆಮಾರೇ.

ಸ್ಥೂಲವಾಗಿ ಲೆಕ್ಕ ಹೀಗಿದೆ. ಮೊದಲನೆಯದು ಮಿಗ್-15, ಸೇಬರ್, ಮಿಸ್ಟೇರ್: ಜೆಟ್ ಎಂಜಿನ್ ಬಂತು, ಹೊಡೆದಾಟ ಮಾತ್ರ ಗುಂಡಿನಲ್ಲೇ. ಎರಡನೆಯದು ಮಿಗ್-21, ಎಫ್-104: ಶಬ್ದದ ಎರಡು ಪಟ್ಟು ವೇಗ, ಮೂತಿಯಲ್ಲಿ ರೇಡಾರ್, ಶಾಖ ಹಿಡಿದು ಹೋಗುವ ಕ್ಷಿಪಣಿ. ಮೂರನೆಯದು ಫ್ಯಾಂಟಮ್, ಮಿಗ್-23. ನಾಲ್ಕನೆಯದು ಎಫ್-16, ಮಿರಾಜ್-2000, ಸುಖೋಯ್-27, ಇವನ್ನೇ ಒಳ್ಳೆ ರೇಡಾರ್, ಡೇಟಾ ಲಿಂಕ್ (ವಿಮಾನಗಳ ನಡುವೆ ಮಾಹಿತಿ ಹಂಚೋ ವ್ಯವಸ್ಥೆ), ಎಲೆಕ್ಟ್ರಾನಿಕ್ಸ್ ಹಾಕಿ ಮುಂದಕ್ಕೆ ಒಯ್ದರೆ ನಾಲ್ಕೂವರೆ: ರಫೇಲ್, ತೇಜಸ್ ಮಾರ್ಕ್ 1ಎ. ಐದು ಅಂದರೆ ಎಫ್-22, ಎಫ್-35, ಜೆ-20, ಸುಖೋಯ್-57. ಇಷ್ಟು ಸಾಕು. ಗಡಿಗಳೆಲ್ಲ ಮಸುಕು, ಅದಕ್ಕೆ ಜಗಳ ಬೇಡ.

ಈಗ ನಿಮ್ಮ ಪ್ರಶ್ನೆಯ ಎರಡನೇ ಭಾಗಕ್ಕೆ ಬರೋಣ. ನನಗೆ ತಲೆ ಬಿಸಿಯಾಗೋದು ಇಲ್ಲೇ. 'ದೊಡ್ಡ ನಂಬರ್ ಗೆಲ್ಲುತ್ತೆ, ಸಣ್ಣ ನಂಬರ್ ಸೋಲುತ್ತೆ' ಅನ್ನೋ ನಂಬಿಕೆ ಎಷ್ಟು ಹೇಳಿದರೂ ಹೋಗಲ್ಲ. ಟಿವಿಯವರು ಎರಡು ವಿಮಾನ ಅಕ್ಕಪಕ್ಕ ಇಟ್ಟು ಅಂಕ ಕೊಡ್ತಾರಲ್ಲ, ಅದರ ಪ್ರಭಾವ ಇರಬೇಕು.

1965ರ ಸೆಪ್ಟೆಂಬರ್ 7ಕ್ಕೆ ಹೋಗೋಣ. ಆದಂಪುರದಿಂದ ನಮ್ಮ ಮಿಸ್ಟೇರ್‌ಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟವು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವತ್ತು ಸ್ಟ್ಯಾಂಡ್‌ಬೈ. ಯಾವುದಾದರೂ ವಿಮಾನ ಹಿಂದೆ ಉಳಿದರೆ ಮಾತ್ರ ಅವರ ಸರದಿ. ಅವರು ಹೋದರು. ಅಲ್ಲಿ ಎದುರಾಗಿದ್ದು ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್. ನಂಬರಿನ ಲೆಕ್ಕದಲ್ಲಿ ಇದು ಒಂದರ ಮುಂದೆ ಎರಡು. ಮಿಸ್ಟೇರ್ ಶಬ್ದದ ವೇಗ ದಾಟಬೇಕಾದರೆ ಕೆಳಮುಖವಾಗಿ ಧುಮುಕಬೇಕು. ಸ್ಟಾರ್‌ಫೈಟರ್ ಆ ವೇಗದ ಎರಡು ಪಟ್ಟು ಹೋಗುತ್ತೆ, ಜೊತೆಗೆ ಸೈಡ್‌ವೈಂಡರ್ ಕ್ಷಿಪಣಿ ಬೇರೆ. ಕಾಗದದ ಮೇಲೆ ಇದು ಹೊಡೆದಾಟವೇ ಅಲ್ಲ.

ಆದರೆ ಸ್ಟಾರ್‌ಫೈಟರ್‌ನ ರೆಕ್ಕೆಯ ಅಗಲ ತುದಿಯಿಂದ ತುದಿಗೆ 7 ಮೀಟರಿಗೂ ಕಡಿಮೆ. ಮಿಸ್ಟೇರ್‌ದು 11 ಮೀಟರ್. ಅತಿ ವೇಗವಾಗಿ ಹಾರಿ ಸರ್ರನೆ ಮೇಲಕ್ಕೆ ನುಗ್ಗೋಕೆ ಅಂತ ಮಾಡಿದ ವಿಮಾನ ಅದು. ನೆಲಕ್ಕೆ ಹತ್ತಿರ, ವೇಗ ಇಳಿಸಿಕೊಂಡು, ಸುತ್ತು ಹೊಡೆಯೋ ಜಗಳಕ್ಕೆ ಬಂದರೆ ಅದಕ್ಕೆ ತಿರುಗೋಕೇ ಆಗಲ್ಲ. ದೇವಯ್ಯ ಅವರ ವಿಮಾನಕ್ಕೆ ಮೊದಲೇ ಪೆಟ್ಟು ಬಿದ್ದಿತ್ತು. ಅದರಲ್ಲೇ ಅವರು ತಿರುಗಿಬಿದ್ದು ಗುಂಡು ಹಾರಿಸಿ ಸ್ಟಾರ್‌ಫೈಟರ್ ಕೆಡವಿದರು. ಆ ಪೈಲಟ್ ಪ್ಯಾರಾಚೂಟಿನಲ್ಲಿ ಹೊರಗೆ ಹಾರಿ ಬದುಕಿಕೊಂಡರು, ದೇವಯ್ಯ ವಾಪಸ್ ಬರಲಿಲ್ಲ. ಏನಾಯಿತು ಅಂತ ನಮ್ಮ ಕಡೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ, ಪಾಕಿಸ್ತಾನದ ಕಡೆಯ ವಿವರಗಳು ಹೊರಬಂದ ಮೇಲೆ ತಿಳಿಯಿತು. ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ, 23 ವರ್ಷದ ನಂತರ.

ಒಂದೇ ಉದಾಹರಣೆ ಅಂತೀರಾ? ಅದೇ ವರ್ಷ ಏಪ್ರಿಲ್‌ನಲ್ಲಿ ವಿಯೆಟ್ನಾಮಿನ ಮಿಗ್-17ಗಳು, ಶಬ್ದದ ವೇಗ ಸರಿಯಾಗಿ ದಾಟಲೂ ಆಗದ ವಿಮಾನಗಳು, ಅಮೆರಿಕದ ಎರಡು ಎಫ್-105ಗಳನ್ನು ಕೆಡವಿದವು. ಇನ್ಮೇಲೆ ಎಲ್ಲ ಕ್ಷಿಪಣಿಯದ್ದೇ ಆಟ ಅಂತ ನಂಬಿ ಶುರುವಿನ ಫ್ಯಾಂಟಮ್‌ಗಳಿಗೆ ಗನ್ನೇ ಇಟ್ಟಿರಲಿಲ್ಲ. ಕೊನೆಗೆ ಅಮೆರಿಕದ ನೌಕಾಪಡೆ 1969ರಲ್ಲಿ ಹತ್ತಿರದ ಹೊಡೆದಾಟ ಕಲಿಸೋಕೆ ಅಂತಲೇ ಟಾಪ್‌ಗನ್ ಶಾಲೆ ತೆರೆಯಬೇಕಾಯಿತು. ಇನ್ನು ರೇಡಾರ್ ತಪ್ಪಿಸೋ ವಿಮಾನವನ್ನು ಹೊಡೆಯೋಕೇ ಆಗಲ್ಲ ಅನ್ನೋರಿಗೆ: 1999ರ ಮಾರ್ಚ್ 27ರಂದು ಸರ್ಬಿಯಾದವರು ಎಫ್-117 ಕೆಡವಿದ್ದು ಎಸ್-125 ಕ್ಷಿಪಣಿಯಿಂದ. ನಮ್ಮ ವಾಯುಪಡೆಯಲ್ಲಿ ಪೆಚೋರಾ ಅಂತ ಕರೆಯೋದು ಅದನ್ನೇ, 1960ರ ದಶಕದ ಸರಕು.

ಹಾಗಂತ ನಂಬರ್ ಸುಮ್ನೆ ಅನ್ನಬೇಡಿ. ಬಯಲಿನಲ್ಲಿ ಎದುರುಬದುರು ಬಿಟ್ಟರೆ ಎಫ್-22 ನಿಮ್ಮನ್ನು ಮೊದಲು ನೋಡುತ್ತೆ, ಮೊದಲು ಹೊಡೆಯುತ್ತೆ, ನಿಮಗೆ ಗೊತ್ತಾಗೋದು ಆಮೇಲೆ. ಅದು ಸಣ್ಣ ವಿಷಯ ಅಲ್ಲ. ಆದರೆ ನಿಜವಾದ ಯುದ್ಧದಲ್ಲಿ ಜೊತೆಗೆ ಅವಾಕ್ಸ್ (ದೊಡ್ಡ ರೇಡಾರ್ ಹೊತ್ತು ದೂರದವರೆಗೆ ಕಣ್ಣಿಡೋ ವಿಮಾನ) ಇದೆಯಾ, ಕ್ಷಿಪಣಿ ಎಷ್ಟು ದೂರ ಹೋಗುತ್ತೆ, ಅವತ್ತು ಎಷ್ಟು ವಿಮಾನ ಹಾರೋ ಸ್ಥಿತಿಯಲ್ಲಿವೆ, ಪೈಲಟ್ ಎಷ್ಟು ಗಂಟೆ ಹಾರಿದ್ದಾರೆ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ತಲೆಮಾರಿನ ನಂಬರಿನಲ್ಲಿ ಇದ್ಯಾವುದೂ ಇಲ್ಲ.

'ಹಾಗಾದ್ರೆ ರಫೇಲ್‌ಗೇ ಒಂದಿಷ್ಟು ಸೇರಿಸಿ ಐದು ಮಾಡಿ' ಅನ್ನೋರೂ ಇದ್ದಾರೆ. ಆಗಲ್ಲ. ಹಳೇ ಮನೆಗೆ ಹೊಸ ವೈರಿಂಗ್ ಮಾಡಿಸಬಹುದು, ಪಾಯ ಬದಲಿಸೋಕಾಗಲ್ಲ. ಮಿಗ್-21 ಬೈಸನ್‌ಗೆ ಹೊಸ ರೇಡಾರ್, ದೂರ ಹೋಗುವ ಆರ್-77 ಕ್ಷಿಪಣಿ ಎಲ್ಲ ಹಾಕಿದರು. ಅದರಿಂದ ಬಲ ಬಂತು, 2025ರವರೆಗೂ ಹಾರಿತು. ಆದರೆ ರೇಡಾರ್‌ಗೆ ಕಾಣೋದು ಕಡಿಮೆಯಾಗಬೇಕಾದರೆ ವಿಮಾನದ ಆಕಾರವೇ ಬೇರೆ ಇರಬೇಕು, ಕ್ಷಿಪಣಿ ರೆಕ್ಕೆಯಡಿ ನೇತಾಡದೆ ಹೊಟ್ಟೆಯೊಳಗೆ ಇರಬೇಕು. ಹೊಟ್ಟೆಯಲ್ಲಿ ಆ ಜಾಗ ಬೇಕಂದ್ರೆ ಇಂಧನ, ಎಂಜಿನ್, ಚಕ್ರ ಎಲ್ಲವನ್ನೂ ಮೊದಲಿಂದ ಜೋಡಿಸಬೇಕು. ನಮ್ಮದೇ ಐದನೇ ತಲೆಮಾರಿನ ವಿಮಾನ ಮಾಡೋ ಆಮ್ಕಾ ಯೋಜನೆ ಬೇರೆ ವಿಮಾನವಾಗಿಯೇ ಶುರುವಾಗಿರೋದು ಅದಕ್ಕೇ.

ಯಾರೂ ಕೇಳದ, ಆದರೆ ಕೇಳಬೇಕಿದ್ದ ಪ್ರಶ್ನೆ ಒಂದಿದೆ: ಮಾರುತ್ ಯಾವ ತಲೆಮಾರು? ಬೆಂಗಳೂರಲ್ಲಿ ಎಚ್‌ಎಎಲ್ ತಯಾರಿಸಿದ ಎಚ್‌ಎಫ್-24. ವಿನ್ಯಾಸ ಜರ್ಮನಿಯ ಕುರ್ಟ್ ಟ್ಯಾಂಕ್ ಅವರದು, ಮೊದಲು ಹಾರಿದ್ದು 1961ರ ಜೂನ್ 17ರಂದು. ಎಚ್‌ಎಎಲ್ ಮ್ಯೂಸಿಯಂಗೆ ಹೋದರೆ ಪಕ್ಕದಲ್ಲಿ ನಿಂತು ಸರಿಯಾಗಿ ನೋಡಿ. ಚೂಪು ಮೂತಿ, ಹಿಂದಕ್ಕೆ ಬಾಗಿದ ರೆಕ್ಕೆ, ನಡುವೆ ಸ್ವಲ್ಪ ಸೊರಗಿದ ಮೈ: ಎರಡನೇ ತಲೆಮಾರಿನ ಮೈಕಟ್ಟು. ಶಬ್ದದ ಎರಡು ಪಟ್ಟು ವೇಗಕ್ಕೆ ಅಂತಲೇ ಗೆರೆ ಎಳೆದದ್ದು. ಆದರೆ ಬೇಕಾದ ಎಂಜಿನ್ ಸಿಗಲೇ ಇಲ್ಲ. ಪುಟ್ಟ ನ್ಯಾಟ್ ವಿಮಾನಕ್ಕೆ ಹಾಕುತ್ತಿದ್ದ ಆರ್ಫಿಯಸ್ ಜಾತಿಯ ಎಂಜಿನ್ನನ್ನೇ ಎರಡು ಕೂರಿಸಿದರು, ಅದಕ್ಕೆ ಆಫ್ಟರ್‌ಬರ್ನರ್ ಕೂಡ ಇಲ್ಲ. ನೇರ ಹಾರಾಟದಲ್ಲಿ ಅದು ಶಬ್ದದ ವೇಗ ದಾಟಲಿಲ್ಲ. ಆದರೂ 1971ರ ಯುದ್ಧದಲ್ಲಿ ರಾಜಸ್ಥಾನದ ಕಡೆ ಚೆನ್ನಾಗಿಯೇ ಕೆಲಸ ಮಾಡಿತು. ಈಗ ಅದನ್ನು ಒಂದು ಅಂತೀರಾ, ಎರಡು ಅಂತೀರಾ? ಯಾವ ಖಾನೆಗೂ ಕೂರಲ್ಲ.

ಮಾರುತ್‌ಗೆ ಆದದ್ದು ಅಲ್ಲಿಗೇ ಮುಗಿದಿಲ್ಲ. ತೇಜಸ್‌ಗೆ ಅಂತ 1989ರಲ್ಲಿ ಮಂಜೂರಾದ ಕಾವೇರಿ ಎಂಜಿನ್ ಅದಕ್ಕೆ ಕೂರಲಿಲ್ಲ. ಅಮೆರಿಕದ ಎಫ್-404 ಎಂಜಿನ್ ಹಾಕಿಕೊಂಡೆವು, ಅದು ಬರೋದು ತಡವಾಗಿ ಮಾರ್ಕ್ 1ಎ ಕೂಡ ತಡವಾಯಿತು. ಮುಂದಿನ ಸಲ ನಾಲ್ಕೂವರೆ ಯಾಕೆ, ಐದು ಯಾಕಿಲ್ಲ ಅಂತ ಕೇಳೋ ಬದಲು ಎಂಜಿನ್ ಬಗ್ಗೆ ಕೇಳಿ. ಖುಷಿಯಿಂದ ಬರೀತೇನೆ.